ಅಣ್ಣ ಕಂಚಾಗಿ ನಿಂತ ಮೇಲೆ

ಅಣ್ಣನ ಎಡಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಹಿಪ್ಪರಗಿ ಹಾದಿಯ ಕಲ್ಲುಬಯಲಿನಲ್ಲಿ ಬರಿಗಾಲಲ್ಲಿ ಚೆಂಡು ಒದ್ದು ಒದ್ದು ಅದು ಕಿತ್ತುಹೋಗಿತ್ತು, ಮತ್ತೆ ಬೆಳೆಯಲಿಲ್ಲ. ಊರಿನವರು ಆ ಬೆರಳನ್ನು ಕೇಳಿ ಕೇಳಿ ನೋಡುತ್ತಿದ್ದರು. ನನ್ನ ಹತ್ತೂ ಉಗುರು ಗಟ್ಟಿಯಾಗಿದ್ದವು. ಯಾರೂ ಕೇಳುತ್ತಿರಲಿಲ್ಲ.

ಅವನು ನನ್ನ ದೊಡ್ಡಪ್ಪನ ಮಗ. ರಬಕವಿಯಲ್ಲಿ ನಮ್ಮ ಎರಡೂ ಮನೆಗೆ ಒಂದೇ ಅಂಗಳ, ಎರಡರಲ್ಲೂ ಮಗ್ಗ. ಸಂಜೆ ಮಗ್ಗದ ಸದ್ದು ನಿಂತರೆ ಸಾಕು, ಇಬ್ಬರೂ ಮೈದಾನಕ್ಕೆ. ಓಟದಲ್ಲಿ ನಾನೇ ಮುಂದು. ಇದನ್ನು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ. ಚಪ್ಪಾಳೆ ಮಾತ್ರ ಅವನಿಗೆ. ಚೆಂಡು ಕಾಲಿಗೆ ಬಂದೊಡನೆ ಅವನು ಅರೆಗಳಿಗೆ ಸುಮ್ಮನೆ ನಿಂತುಬಿಡುತ್ತಿದ್ದ. ಎದುರಿನವನು ದಿಕ್ಕುಗೆಟ್ಟು ಮೊದಲು ಕಾಲೆತ್ತುತ್ತಿದ್ದ, ಅಷ್ಟರಲ್ಲಿ ಅಣ್ಣ ಚೆಂಡಿನೊಡನೆ ಅವನನ್ನು ದಾಟಿರುತ್ತಿದ್ದ. ನಾನು ಬೈದರೆ, "ಗಡಬಡ ಯಾಕಲೇ? ಚೆಂಡೇನು ರೊಟ್ಟಿ ತಿನ್ನಾಕ ಮನಿಗೆ ಹೋಗತೈತೇನು?" ಎನ್ನುತ್ತಿದ್ದ.

ಮುಧೋಳದವರ ಮೇಲೆ ಜಿಲ್ಲಾ ಫುಟ್ಬಾಲ್ ಫೈನಲ್ ಆಡಿದಾಗ ಕೊನೆಯವರೆಗೂ ಆಟ ಸಮನಾಗಿತ್ತು. ಆಗ ನಮಗೊಂದು ಪೆನಾಲ್ಟಿ ಸಿಕ್ಕಿತು. ಜನ ಅಣ್ಣನ ಹೆಸರು ಹಿಡಿದು ಕೂಗುತ್ತಿದ್ದರು. ಅವನು ಚೆಂಡು ತಂದು ನನ್ನ ಕೈಗಿಟ್ಟ.

"ನೀ ಹೊಡಿಲೇ. ಕಾಕಾ ಇವತ್ತ ನೋಡಾಕ ಬಂದಾರ."

ನನ್ನ ಅಪ್ಪ ಆಟ ನೋಡಲು ಬಂದದ್ದು ಅದೇ ಮೊದಲು. ಹೊಡೆದೆ. ಗೋಲ್‌ಕೀಪರ್ ತಡೆದ. ಮರಳಿ ಬಂದ ಚೆಂಡನ್ನು ಅಣ್ಣ ಓಡಿಬಂದು ಒಳಗೆ ಹೊಡೆದ. ಜನ ಅವನನ್ನು ಹೆಗಲ ಮೇಲೆ ಹೊತ್ತರು. ಅವನು ಮೇಲಿನಿಂದಲೇ ನನ್ನತ್ತ ಕೈ ಮಾಡಿ, "ಅರ್ಧಾ ಗೋಲು ಇವಂದರೀ!" ಎಂದು ಕೂಗುತ್ತಿದ್ದ. ಆ 'ಅರ್ಧಾ' ಸುಟ್ಟಷ್ಟು ನನ್ನನ್ನು ಇನ್ನಾವ ಮಾತೂ ಸುಟ್ಟಿಲ್ಲ. ಅವನು ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆ ಗೆಲುವಿನ ಪ್ರಮಾಣಪತ್ರದಿಂದ ನನಗೆ ಕ್ರೀಡಾ ಕೋಟಾದಲ್ಲಿ ಜಮಖಂಡಿಯ ಕಚೇರಿಯೊಂದರಲ್ಲಿ ನೌಕರಿ ಸಿಕ್ಕಿತು. ಅಣ್ಣನಿಗೂ ಸಿಗುತ್ತಿತ್ತು. ದೊಡ್ಡಪ್ಪ ಹಾಸಿಗೆ ಹಿಡಿದಿದ್ದರಿಂದ ಅವನು ಮನೆ ಬಿಡಲಿಲ್ಲ. ಹಗಲೆಲ್ಲ ಪವರ್‌ಲೂಮಿನ ಗದ್ದಲದಲ್ಲಿ ದುಡಿದ, ಸಂಜೆ ಊರ ಹುಡುಗರಿಗೆ ಆಟ ಕಲಿಸಿದ. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಊರಿಗೆ ಬಂದರೂ, ಎದುರಾದವರ ಪ್ರಶ್ನೆ ಒಂದೇ: "ನಿಮ್ಮಣ್ಣಾರು ಎಲ್ಲಿ ಅದಾರ್ರಿ?"

ಹೋದ ವರ್ಷ ಅಣ್ಣ ತೀರಿಕೊಂಡ. ಅವನ ಕೈಯಲ್ಲಿ ಆಡಿ ಬೆಳೆದವರು ಸೇರಿ ಮೈದಾನದೆದುರು ಪುತ್ಥಳಿ ನಿಲ್ಲಿಸಿದರು. ಉದ್ಘಾಟನೆಗೆ ನಾನು ಹೋಗಲಿಲ್ಲ. ಮೊನ್ನೆ ಅಣ್ಣನ ಹೆಂಡತಿ, ನಮ್ಮ ವೈನಿ, ತಾವೇ ಬಂದು ಕರೆದಾಗ ತಪ್ಪಿಸಿಕೊಳ್ಳಲಾಗಲಿಲ್ಲ.

ಕಂಚಿನ ಅಣ್ಣನಿಗೆ ತುಂಬು ಪ್ರಾಯ. ಕೊರಳಲ್ಲಿ ಯಾರೋ ಬೆಳಿಗ್ಗೆ ಹಾಕಿದ ಹಾರ. ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡ ನಾನು ಕತ್ತೆತ್ತಿ ನೋಡಬೇಕಾಯಿತು.

"ಸತ್ತಮ್ಯಾಲೂ ನನಗಿಂತ ಎತ್ತರಕ್ಕ ನಿಂತಾನ ನೋಡ್ರಿ ವೈನಿ," ಎಂದುಬಿಟ್ಟೆ.

ವೈನಿ ನಕ್ಕರು. "ಹೊಟ್ಟಿ ಉರಿಯಾಕತ್ತೈತೇನ್ರಿ? ಅವರಿಗೂ ಉರೀತಿತ್ತು."

"ಯಾರ ಮ್ಯಾಲ?"

"ನಿಮ್ಮ ಮ್ಯಾಲನ. ಲೂಮಿನಾಗ ನಿಂತು ನಿಂತು ಕಿವಿ ಹೋಗಿದ್ವಲ್ರೀ. ಮೈದಾನದಾಗ ಏನೂ ಕೇಳಸ್ತಿರಲಿಲ್ಲ. 'ಅಂವಗ ಇನ್ನೂ ಸೀಟಿ ಕೇಳಸ್ತೈತಿ, ಪುಣ್ಯವಂತ' ಅಂತ ಗೊಣಗತಿದ್ರು."

ಅಣ್ಣ ನನ್ನ ಮೇಲೆ ಕರುಬಿದ್ದ! ಸುಳ್ಳೇಕೆ, ಮೊದಲು ಖುಷಿಯೇ ಆಯಿತು. ವೈನಿಯ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದೆ. ಮೈದಾನದಲ್ಲಿ ಆಟ ಶುರುವಾಯಿತು; ಸೀಟಿ ಸ್ಪಷ್ಟವಾಗಿ ಕೇಳಿಸಿತು. ನನ್ನ ಕಿವಿ ಉಳಿದಿದ್ದವು, ಏಕೆಂದರೆ ನಾನು ಲೂಮಿನ ಮುಂದೆ ನಿಲ್ಲಲಿಲ್ಲ. ನಿಲ್ಲದಂತೆ ಮಾಡಿದ್ದು ಅವನು ಹೊಡೆದ ಗೋಲು.