ಬೇಲಿಗೆ ಹರವಿದ ಖಾಕಿ ಅಂಗಿ

ಆ ಭಾನುವಾರ ಎದ್ದು ಅಂಗಳಕ್ಕೆ ಸಗಣಿ ನೀರು ಹಾಕಿದೆ. ಹಸು ಕರೆದೆ. ಕೊಟ್ಟಿಗೆ ಬಾಚಿದೆ. ರಾಗಿ ರೊಟ್ಟಿ ತಟ್ಟಿ ಹುಚ್ಚೆಳ್ಳು ಚಟ್ನಿ ಅರೆದೆ. ಹಿಂದಿನ ಸಂಜೆ ಸತ್ಯಮಂಗಲದಿಂದ ಬಂದಿದ್ದ ಮಗನ ಖಾಕಿ ಅಂಗಿ ಒಗೆದು, ಮನೆ ಹಿಂದಿನ ಮುಳ್ಳುತಂತಿ ಬೇಲಿಗೆ ಹರವಿದೆ. ಬೇಲಿ ಗೌಡರ ಮುಸುಕಿನ ಜೋಳದ ಹೊಲದ್ದು. ನಮ್ಮ ಮನೆ ಸಾಲಿನವರೆಲ್ಲ ಬಟ್ಟೆ ಒಣಗಿಸುತ್ತಿದ್ದದ್ದು ಅದರ ಮೇಲೆಯೇ.

ಮಗ ಘಟ್ಟದ ಕೆಳಗೆ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದ, ಎರಡನೇ ವರ್ಷ. ಇಲ್ಲಿ ಕನ್ನಡದಲ್ಲಿ ಓದಿ ಅಲ್ಲಿ ತಮಿಳಿನಲ್ಲಿ ಬರೆಯಲು ಒದ್ದಾಡಿದ್ದ. ಕೈಕೆಲಸಕ್ಕೆ ಮಾತ್ರ ಮೇಷ್ಟ್ರು ಶಭಾಷ್ ಅನ್ನುತ್ತಿದ್ದರಂತೆ. ಮನೆಯಲ್ಲಿ ಆಗ ಮೊಬೈಲ್ ಇರಲಿಲ್ಲ. ಅವನ ಬಸ್ಸು ದಿಂಬಂ ಘಾಟಿ ಹತ್ತಿ ಬರುವವರೆಗೂ ನನಗೆ ಜೀವವಿರುತ್ತಿರಲಿಲ್ಲ. ಆ ಸಲ ಬಂದ ಮೇಲೂ ಭಯ ಬೇರೆ ರೂಪದಲ್ಲಿ ಬಂತು.

ರೊಟ್ಟಿ ತಿನ್ನುವಾಗ ಗೌಡರು ಬಂದು ಜಗಲಿ ಹತ್ತಿರ ನಿಂತರು. ರಾತ್ರಿ ಆನೆ ಬಂದು ಜೋಳ ತುಳಿದಿತ್ತು. ಆ ಹೊಲಕ್ಕೆ ರಾತ್ರಿ ಕಾವಲು ನನ್ನ ಗಂಡನೇ.

"ಏನ್ಲಾ, ಕರೆಂಟ್ ಕಲಿತಿದ್ದೀಯಂತೆ. ಮೋಟ್ರು ಮನೆಯಿಂದ ಬೇಲಿಗೊಂದು ವೈರು ಎಳ್ದುಬುಡು. ನಿಮ್ಮಪ್ಪ ಬೆಚ್ಚಗೆ ಮನೇಲಿ ಮಲಗ್ಲಿ."

"ಬ್ಯಾಟ್ರಿ ಬೇಲಿ ಆಕಿಸ್ಬೋದಲ್ಲ ಗೌಡ್ರೆ, ಶಾಕ್ ಒಡೀತದೆ, ಸಾಯ್ಸಲ್ಲ," ಅಂದ ಮಗ.

"ಬ್ಯಾಟ್ರಿ ಬೇಲಿಗೆ ಆನೆ ಬೆನ್ನು ಕೆರ್ಕಂಡು ಓಯ್ತದೆ. ಎಲ್ಡು ವರ್ಸದಿಂದ ಬರೀ ಬಲ್ಬು ಆಕೋದು ಕಲ್ತ್ಯಾ?"

ಮಗನ ಮುಖ ಕೆಂಪಾಯಿತು. ಸಂಜೆ ಬತ್ತೀನಿ ಅಂದುಬಿಟ್ಟ.

ಅವರು ಅತ್ತ ಹೋದದ್ದೇ ಹೇಳಿದೆ: "ಬ್ಯಾಡ ಕಣ್ಲಾ. ಕತ್ತಲಲ್ಲಿ ಬಂದಿರೋದು ಆನೆಯೋ ನಿಮ್ಮಪ್ಪನೋ ಅಂತ ಆ ಕರೆಂಟ್‌ಗೆ ಗೊತ್ತಾದದಾ? ಯಾರಾರ ಸತ್ರೆ ನಿನ್ನ ಪೊಲೀಸ್ನೋರು ಬುಟ್ಟಾರಾ?"

"ಊರಿಗೆಲ್ಲ ಏಳಿರ್ತಾರೆ ಅವ್ವ. ಗೊತ್ತಿದ್ದ ಮೇಲೆ ಯಾರು ಮುಟ್ಟಾರು? ಅಪ್ಪ ಕೆಮ್ಮಿಕೊಂಡು ಆ ಚಳೀಲಿ ಅಟ್ಟಣೆ ಮೇಲೆ ಕೂರೋದು ನಿಂಗೆ ಸರಿನಾ?"

ಗಂಡ ಮೂಲೆಯಲ್ಲಿ ಕೂತು ಕೆಮ್ಮುತ್ತಿದ್ದರು. ಗೌಡರ ಕೆಲಸ ಬಿಟ್ಟರೆ ನಮಗೆ ಬೇರೆ ಕೆಲಸವಿರಲಿಲ್ಲ. ದಿನವೆಲ್ಲ ಅವರೆಕಾಯಿ ಬಿಡಿಸಿದೆ. ಸಿಪ್ಪೆ ಪಾತ್ರೆಗೆ, ಕಾಳು ನೆಲಕ್ಕೆ ಬೀಳುತ್ತಿತ್ತು.

ಸಂಜೆ ಮಗ ಕಟಿಂಗ್ ಪ್ಲೇಯರ್ ಹಿಡಿದು ಗೌಡರ ಜೊತೆ ಹೋದ. ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ವೈರು ಎಳೆದು ಬೇಲಿಗೆ ಸುತ್ತಿದ. ಆಮೇಲೆ ಇಬ್ಬರೂ ಮೋಟರ್ ಮನೆಯೊಳಗೆ ಹೋದರು. ಅಷ್ಟರಲ್ಲಿ ಮಂಜು ಇಳಿಯತೊಡಗಿತು. ನಾಳೆ ಬೆಳಗಿನ ಬಸ್ಸಿಗೆ ಮಗನಿಗೆ ಅದೇ ಅಂಗಿ ಬೇಕು, ತೇವ ಹಿಡಿಯುತ್ತದಲ್ಲ ಅಂದುಕೊಂಡೆ. ಹೋಗಿ ಅಂಗಿ ಎಳೆದೆ. ಗುಂಡಿ ಮುಳ್ಳಿಗೆ ಸಿಕ್ಕಿತ್ತು. ಬಿಡಿಸಲು ಇನ್ನೊಂದು ಕೈಯಲ್ಲಿ ತಂತಿ ಹಿಡಿದೆ.

"ಅವ್ವಾ, ಕೈ ತೆಗಿ!"

ಮಗನಿಂದ ಅಂಥ ದನಿ ಕೇಳಿರಲಿಲ್ಲ. ಆಗ ನೆನಪಾಯಿತು. ನೆನಪಾದರೂ ಬೆರಳು ಬಿಡಲಿಲ್ಲ. ಅವನು ಓಡಿ ಬಂದು ನನ್ನನ್ನು ದೂಡಿದ. ಇಬ್ಬರೂ ಬದುವಿನ ಮೇಲೆ ಬಿದ್ದೆವು.

"ಕರೆಂಟ್ ಕೊಟ್ಟುಬುಟ್ಟಿದ್ಯಾ?" ಅಂದೆ.

"ಇನ್ನೂ ಇಲ್ಲ." ನನ್ನ ಅಂಗೈ ತಿರುಗಿಸಿ ನೋಡಿದ.

ದಿನವೆಲ್ಲ ಬೇಡ ಬೇಡ ಅಂದವಳು ನಾನು. ಮುಟ್ಟಿದವಳೂ ನಾನೇ.

ಗೌಡರು ಬರುವಷ್ಟರಲ್ಲಿ ಅವನು ಸುತ್ತಿದ್ದ ವೈರು ಕತ್ತರಿಸುತ್ತಿದ್ದ. "ಆಗಲ್ಲ ಗೌಡ್ರೆ. ಗೊತ್ತಿದ್ದವ್ರೇ ಮುಟ್ತಾರೆ."

"ಅವ್ವನ ಸೆರಗು ಇಡ್ಕಂಡು ಕರೆಂಟ್ ಕಲಿಯಕ್ಕೆ ಓದ್ನಂತೆ," ಅಂದು ಗೌಡರು ಬೆನ್ನು ತಿರುಗಿಸಿದರು. "ಸರಿ, ನಿಮ್ಮಪ್ಪನ್ನ ಬೇಗ ಕಳ್ಸು. ಆನೆ ಇವತ್ತೂ ಬತ್ತದೆ."

ಮುದ್ದೆ, ಅವರೆಕಾಳು ಸಾರು ಉಂಡೆವು. ಯಾರೂ ಎರಡನೇ ಸಲ ಸಾರು ಕೇಳಲಿಲ್ಲ. ಗಂಡ ಕಂಬಳಿ, ಟಾರ್ಚು ತಗೊಂಡರು. ಮಗ ಆನೆ ಓಡಿಸಲು ಬಡಿಯುವ ತಗಡಿನ ಡಬ್ಬ ಹಿಡಿದು ಹಿಂದೆಯೇ ಹೊರಟ. ಅಟ್ಟಣೆ ಮೇಲೆ ಮೊದಲು ನಿದ್ದೆ ಹೋದದ್ದು ಮಗನೇ, ಅಪ್ಪನ ಕಂಬಳಿಯೊಳಗೆ. ಹಾಗಂತ ಬೆಳಗ್ಗೆ ಗಂಡ ಬಂದು ಹೇಳಿದರು. ಆ ರಾತ್ರಿಯೆಲ್ಲ ಇಲ್ಲಿ ನಾನು ಆ ಅಂಗಿ ಮಡಿಲಲ್ಲಿಟ್ಟುಕೊಂಡು ಒಲೆ ಮುಂದೆಯೇ ಕೂತಿದ್ದೆ.