ಇಲ್ಲದ ಬ್ರೇಕು

ನಮ್ಮ ಕಾರಿನಲ್ಲಿ ಚಾಲಕರ ಪಕ್ಕದ ಸೀಟಿನ ಮುಂದೆ ಹಾಸಿರುವ ಮ್ಯಾಟು ಒಂದೇ ಕಡೆ ಸವೆದಿದೆ. ಬಲಗಾಲು ಊರುವ ಜಾಗದಲ್ಲಿ, ಅಂಗೈಯಷ್ಟು ಅಗಲ. ಅಲ್ಲಿ ಬ್ರೇಕು ಇಲ್ಲವೆಂಬುದು ಕಾರು ತಯಾರಿಸಿದವರಿಗೂ ನನಗೂ ಚೆನ್ನಾಗಿ ಗೊತ್ತು. ನನ್ನ ಬಲಗಾಲಿಗೆ ಮಾತ್ರ ಯಾರೂ ತಿಳಿಸಿದಂತಿಲ್ಲ.

ನನ್ನ ವೃತ್ತಿ ಯಾವುದೆಂದು ಹೇಳಿದರೆ ನೀವು ನಗುತ್ತೀರಿ. ನಾನು ಕಲಿಕಾ ವಿನ್ಯಾಸದ ಪ್ರಾಧ್ಯಾಪಕ. ಅಂದರೆ, ಕಂಪ್ಯೂಟರಿನ ಮುಂದೆ ಒಬ್ಬರೇ ಕೂತು ಕಲಿಯುವವರಿಗೆ ಪಾಠವನ್ನು ಹೇಗೆ ಜೋಡಿಸಿಕೊಡಬೇಕೆಂದು ಚಿಂತಿಸಿ ಸಂಬಳ ಪಡೆಯುವವನು. ಧಾರವಾಡದಲ್ಲಿ ಮಾಸ್ತರನಾಗಿದ್ದ ನಾನು ಸಂಶೋಧನೆಗೆಂದು ಮೆಲ್ಬರ್ನಿಗೆ ಬಂದು ರಚಿಸಿದ ಮೊದಲ ಪಾಠದಲ್ಲಿ ಹೆಜ್ಜೆಹೆಜ್ಜೆಗೂ ನನ್ನದೇ ದನಿಯ ಸೂಚನೆಗಳನ್ನು ತುಂಬಿದ್ದೆ. ವಿದ್ಯಾರ್ಥಿಗಳಿಂದ ಬಂದದ್ದು ಒಂದೇ ಪ್ರಶ್ನೆ: ಈ ದನಿಯನ್ನು ನಿಲ್ಲಿಸುವುದು ಹೇಗೆ? ಆ ಅವಮಾನದಿಂದಲೇ ನನ್ನ ಸಿದ್ಧಾಂತ ಹುಟ್ಟಿತು. ಕಲಿಯುವವರಿಗೆ ಮೊದಲು ಆಸರೆ ಕೊಡಬೇಕು, ಆಮೇಲೆ ಅವರಿಗೇ ಗೊತ್ತಾಗದಂತೆ ಅದನ್ನು ಹಿಂತೆಗೆಯಬೇಕು. ಇದನ್ನೇ ತಿರುಗಿಸಿ ಮುರುಗಿಸಿ ಬರೆಯುತ್ತ ಪ್ರಾಧ್ಯಾಪಕನಾದೆ, ಸಿಡ್ನಿಯ ಪ್ಯಾರಮಟ್ಟಾದಲ್ಲಿ ಹುದ್ದೆ ಸಿಕ್ಕಿತು, ಕೆಲ್ಲಿವಿಲ್‌ನಲ್ಲಿ ಮನೆಯಾಯಿತು.

ಈ ಏಳಿಗೆಯಲ್ಲಿ ಕೆಲಸ ಕಳೆದುಕೊಂಡವಳು ನನ್ನ ಹೆಂಡತಿ ಗಿರಿಜಾ. ಮೆಲ್ಬರ್ನಿನಲ್ಲಿ ಟ್ರಾಮ್ ಹತ್ತಿ ಆಸ್ಪತ್ರೆಯ ಲ್ಯಾಬಿಗೆ ಹೋಗುತ್ತಿದ್ದವಳು ಸಿಡ್ನಿಗೆ ಬಂದು ಮನೆಯಲ್ಲೇ ಉಳಿದಳು. ಕೊನೆಗೂ ವೆಸ್ಟ್‌ಮೀಡ್‌ನ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ ಗೊತ್ತಾಯಿತು. ಆದರೆ ಪಾಳಿ ಬೆಳಗಿನ ಜಾವದ್ದು, ಆ ಹೊತ್ತಿಗೆ ನಮ್ಮ ಬೀದಿಗೆ ಬಸ್ಸಿಲ್ಲ. ಲೈಸೆನ್ಸ್ ಬಂದರೆ ಕೆಲಸ, ಬಾರದಿದ್ದರೆ ಇಲ್ಲ. ಕಲಿಸಲು ಮನೆಯಲ್ಲೇ ತಜ್ಞನಿರುವಾಗ ಬೇರೆಯವರೇಕೆ ಎಂದು ನಾನು ಎದೆಯುಬ್ಬಿಸಿದೆ.

ಮೊದಲಿಗೆ ರೌಂಡ್‌ಅಬೌಟ್, ಅಂದರೆ ಸಿಗ್ನಲ್ ಇಲ್ಲದ ಸರ್ಕಲ್, ದಾಟುವ ವಿಧಾನದ ಬಗ್ಗೆ ಲ್ಯಾಪ್‌ಟಾಪಿನಲ್ಲಿ ಸಚಿತ್ರ ಪಾಠವೊಂದನ್ನು ಸಿದ್ಧಪಡಿಸಿದೆ. ಕೊನೆಗೊಂದು ಪುಟ್ಟ ಪರೀಕ್ಷೆಯೂ ಇತ್ತು. ಗಿರಿಜಾ ಎಲ್ಲಕ್ಕೂ ಸರಿಯುತ್ತರ ಕೊಟ್ಟು, ನಿಜವಾದ ರೌಂಡ್‌ಅಬೌಟಿನ ಮುಂದೆ ಕಲ್ಲಾಗಿ ನಿಂತಳು. ಹಿಂದಿನವರು ಹಾರ್ನ್ ಹೊಡೆದರು. ಅವಳಿಗಿಂತ ಹೆಚ್ಚು ಗಾಬರಿಯಾದ ನಾನು ಎಡ, ಬಲ, ಕನ್ನಡಿ ಎಂದು ಬಡಬಡಿಸುತ್ತ ಇಲ್ಲದ ಬ್ರೇಕನ್ನು ತುಳಿದೆ. ಹೇಗೋ ದಾಟಿದ ಮೇಲೆ ಅವಳು ಕಾರನ್ನು ಬದಿಗೆ ನಿಲ್ಲಿಸಿದಳು.

"ಗಾಡಿ ನಾ ನಡಸಾಕತ್ತೇನೋ, ನೀವೋ? ನಿಮ್ಮ ಮಾತು ಕೇಳ್ಲೋ, ರೋಡ್ ನೋಡ್ಲೋ?"

ನನ್ನನ್ನು ಇಳಿಸಿ ಹೋಗುವಂತಿರಲಿಲ್ಲ. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿರಲೇಬೇಕೆಂಬುದು ಇಲ್ಲಿಯ ಕಾನೂನು. ಮರುದಿನ ಹೊರಡುವ ಮೊದಲು ಅವಳು ಡಬ್ಬಿಯಿಂದ ಅಂಟು, ಕೊಬ್ಬರಿ, ಬೆಲ್ಲ ಕೂಡಿಸಿ ಕಟ್ಟಿದ ಒಂದು ಅಂಟಿನುಂಡಿ ತೆಗೆದು ನನ್ನ ಕೈಗಿಟ್ಟಳು. "ಇದನ್ನ ಬಾಯಾಗ ಇಟ್ಕೊಂಡು ಕೂಡ್ರಿ. ಮುಗಿಯೂತನಕಾ ಮಾತಾಡಬ್ಯಾಡ್ರಿ."

ಅಂಟಿನುಂಡಿ ತಿಂದವರಿಗೆ ಗೊತ್ತು, ಅದು ಹಲ್ಲಿಗೆ ಹಿಡಿಯಿತೆಂದರೆ ನಾಲಗೆ ಹೊರಳುವುದೂ ಕಷ್ಟ. ನಾನು ಬೆಲ್ಲ ಚಪ್ಪರಿಸುತ್ತ ಕೂತೆ. ಅವಳು ತಪ್ಪಿದಳು, ತಾನೇ ತಿದ್ದಿಕೊಂಡಳು, ದಾಟಿದಳು. ಆಸರೆಯನ್ನು ಹಿಂತೆಗೆಯಬೇಕೆಂದು ಇಷ್ಟು ವರ್ಷ ಬರೆದವನ ಬಾಯಿ ಮುಚ್ಚಿಸಲು ಉಂಡಿ ಬೇಕಾಯಿತು. ಒಂದು ದಿನ ಅದು ಅರ್ಧ ದಾರಿಯಲ್ಲೇ ಮುಗಿಯಿತು. ಅವಳಿಗೆ ತಿಳಿಯದಿರಲೆಂದು ನಾನು ಬರಿದೆ ದವಡೆ ಆಡಿಸುತ್ತ ಕೂತೆ.

ಲೈಸೆನ್ಸ್ ಬಂತು. ಕೆಲಸದ ಮೊದಲ ದಿನ, ಇನ್ನೂ ಬೆಳಕು ಹರಿಯುವ ಮುಂಚೆ, ಗಿರಿಜಾ ಒಬ್ಬಳೇ ಕಾರನ್ನು ಹಿಂದಕ್ಕೆ ತೆಗೆದು ರಸ್ತೆಗಿಳಿಸಿದಳು. ನಾನು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದೆ. ಹೆಮ್ಮೆಯಾಗಿತ್ತು, ಅದಕ್ಕಿಂತ ಹೆಚ್ಚು ಭಯವಾಗಿತ್ತು. ಇನ್ನು ಮುಂದೆ ಪಕ್ಕದ ಸೀಟು ಖಾಲಿಯೆಂಬ ಸಣ್ಣ ಸಂಕಟವೂ ಇತ್ತು. ಬೀದಿಯ ತಿರುವಿನಲ್ಲಿ ಕಾರಿನ ಹಿಂದಿನ ಬ್ರೇಕು ದೀಪ ಕೆಂಪಗೆ ಹೊತ್ತಿತು. ಕೆಳಗೆ ನೋಡಿದರೆ ನನ್ನ ಬಲಗಾಲು ಸಿಮೆಂಟಿನ ನೆಲವನ್ನು ಒತ್ತಿ ಹಿಡಿದಿತ್ತು.

ಬ್ರೇಕನ್ನು ಅವಳೇ ತುಳಿದಿದ್ದಳು. ನಾನು ಸದ್ದಿಲ್ಲದೆ ಕಾಲು ಎತ್ತಿಕೊಂಡೆ.