ತವರುಮನೆಯ ಕಾಮಾಲೆ ಔಷಧಿ

ನನ್ನ ಮಗಳಿಗೆ ವಿಷ ತಿನ್ನಿಸಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಓದಿಸಿ ಆಮೇಲೆ ಹೇಳುವುದಕ್ಕೆ ನಾನೇನು ಕತೆ ಕಟ್ಟುತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ಸಿಟ್ಟನ್ನು ಮಾತ್ರ ತಿದ್ದಬೇಡ ಅಂತ ಅವಳಿಗೆ ಹೇಳಿದ್ದೇನೆ.

ನನ್ನ ತವರು ಸೊರಬ ತಾಲ್ಲೂಕಿನಲ್ಲಿ, ಉಳವಿಯಿಂದ ಸ್ವಲ್ಪ ಒಳಗೆ. ನಮ್ಮ ಮನೆಯಲ್ಲಿ ಕಾಮಾಲೆಗೆ ಔಷಧಿ ಕೊಡುತ್ತಾರೆ. ಅಜ್ಜ ಕೊಡುತ್ತಿದ್ದ, ಅಪ್ಪ ಕೊಡುತ್ತಿದ್ದ, ಈಗ ಅಣ್ಣ ಕೊಡುತ್ತಾನೆ. ಭಾನುವಾರ ಮತ್ತು ಗುರುವಾರ, ಸೂರ್ಯ ಹುಟ್ಟುವ ಮೊದಲು, ಬರಿಹೊಟ್ಟೆಯಲ್ಲಿ ಬರಬೇಕು. ದುಡ್ಡು ಮುಟ್ಟುವುದಿಲ್ಲ, ಒಂದು ತೆಂಗಿನಕಾಯಿ ಇಟ್ಟರೆ ಸಾಕು. ಯಾವ ಸೊಪ್ಪು, ಯಾವ ಬೇರು ಅಂತ ಯಾರೂ ಕೇಳಬಾರದು. ಹೇಳಿದರೆ ಔಷಧಿಯ ಶಕ್ತಿ ಹೋಗುತ್ತದೆ. ಅಪ್ಪ ಸಾಯುವಾಗ ಅಣ್ಣನ ಕಿವಿಯಲ್ಲಿ ಹೇಳಿ ಸತ್ತ. ನನಗೆ ಹೇಳಲಿಲ್ಲ. ಹೆಣ್ಣು, ಇನ್ನೊಂದು ಮನೆಗೆ ಹೋಗುವವಳು.

ಹೋದೆ, ಶಿಕಾರಿಪುರದ ಕಡೆಗೆ. ಅಲ್ಲಿ ಯಾರ ಕಣ್ಣು ಹಳದಿಯಾದರೂ "ನಮ್ಮ ತವರಿಗೆ ಹೋಗ್ರೀ, ಮೂರೇ ವಾರದಾಗೆ ಇಳಿಯುತ್ತೆ" ಅಂತ ಜಂಬ ಕೊಚ್ಚುತ್ತಿದ್ದೆ. ಎಷ್ಟು ಜನರನ್ನು ಕಳಿಸಿದ್ದೇನೋ ಆ ಶಿವನಿಗೇ ಗೊತ್ತು. ಅವರಲ್ಲಿ ಯಾರಿಗೆ ಏನಾಯಿತು ಅಂತ ನಾನು ಯಾವತ್ತೂ ಕೇಳಿಲ್ಲ. ಈಗ ಕೇಳುವುದಕ್ಕೆ ಹೆದರಿಕೆ.

ಕಳೆದ ವರ್ಷ ಮೆಕ್ಕೆಜೋಳ ಮುರಿಯುವ ಹೊತ್ತಿಗೆ ನನ್ನ ಮಗಳ ಕಣ್ಣೇ ಹಳದಿಯಾಯಿತು. ಅವಳನ್ನು ಶಿಕಾರಿಪುರದಲ್ಲೇ ಕೊಟ್ಟಿದ್ದೇವೆ. ಅಳಿಯನದು ಹಿಟ್ಟಿನ ಗಿರಣಿ.

"ಅವ್ವ, ನಾಳೆ ರಕ್ತ ಪರೀಕ್ಷೆ ಮಾಡಿಸ್ತೀನಿ," ಅಂದಳು.

"ಕಾಮಾಲೆಗೆ ಇಂಗ್ಲಿಷ್ ಔಷಧಿ ಎಲ್ಲೈತೆ? ನಿನ್ನ ಸೋದರಮಾವನ ಮನೆ ಇಟ್ಕೊಂಡು ಆಸ್ಪತ್ರೆಗೆ ಹೋದ್ರೆ ಜನ ನಗ್ತಾರೆ."

ಜನ ನಗುತ್ತಾರೆ. ಇದನ್ನು ಬರೆಯುವಾಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಭಾನುವಾರಕ್ಕೆ ಸರಿಯಾಗಿ ನಾನೇ ಅವಳನ್ನು ಬಸ್ಸಿಗೆ ಹತ್ತಿಸಿಕೊಂಡು ಹೋದೆ. ಅಣ್ಣ ಅವಳ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಇಪ್ಪತ್ತೊಂದು ಕರಿ ಉಂಡೆ ಕೊಟ್ಟ. ದಿನಕ್ಕೊಂದು. ಉಪ್ಪು ಇಲ್ಲ, ಎಣ್ಣೆ ಇಲ್ಲ. ನಡುವೆ ಬಿಡುವ ಹಾಗಿಲ್ಲ. ಯಾವ ಡಾಕ್ಟರಿಗೂ ಹೇಳುವ ಹಾಗಿಲ್ಲ.

ಒಂಬತ್ತು ಉಂಡೆ ಮುಗಿಯುವಾಗ ಅವಳು ಗಂಜಿಯನ್ನೂ ವಾಂತಿ ಮಾಡುತ್ತಿದ್ದಳು. ಮೈಯೆಲ್ಲ ತುರಿಕೆ. ಹಾಡುಹಗಲು ಮಾತಾಡುತ್ತಾ ಮಾತಾಡುತ್ತಾ ನಿದ್ದೆಗೆ ಜಾರುತ್ತಿದ್ದಳು. ಅಳಿಯ ನನ್ನ ಮಾತು ಕೇಳದೆ ಕಾರು ಮಾಡಿಕೊಂಡು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಆ ಒಂದು ಕೆಲಸ ಆ ಮನೆಯಲ್ಲಿ ಸರಿಯಾಗಿ ಆದದ್ದು.

ಅಲ್ಲಿ ಲಿವರ್ ನೋಡುವ ಡಾಕ್ಟರಮ್ಮ, ನನ್ನ ಮಗಳ ವಯಸ್ಸಿನವಳೇ, ಮೊದಲು ಕೇಳಿದ್ದು ಇದನ್ನೇ: "ನಾಟಿ ಔಷಧಿ ಏನಾದ್ರೂ ಕೊಟ್ಟಿದ್ರಾ ಅಜ್ಜಿ?"

ಮಗಳು ನನ್ನ ಮುಖ ನೋಡಿದಳು.

"ಏನೂ ಇಲ್ಲ ಡಾಕ್ಟ್ರೇ. ಬರೇ ಗಂಜಿ," ಅಂದೆ.

ಮರುದಿನ ಮತ್ತೆ ಕೇಳಿದರು. ಅದರ ಮರುದಿನವೂ ಕೇಳಿದರು. ನಾನು ಅದೇ ಸುಳ್ಳು ಹೇಳಿದೆ. ಹೇಳಿದ್ದಷ್ಟೇ ಆಗಿದ್ದರೆ ಬೇರೆ ಮಾತು. ನಸುಕಿನಲ್ಲಿ ನರ್ಸಮ್ಮ ಬರುವ ಮೊದಲು ಸೆರಗಿನ ಗಂಟು ಬಿಚ್ಚಿ, ಒಂದು ಉಂಡೆ ತೆಗೆದು ಮಗಳ ಬಾಯಿಗೆ ಹಾಕಿ ನೀರು ಕುಡಿಸುತ್ತಿದ್ದೆ. ಐದು ದಿನ ಹಾಗೆ ಮಾಡಿದೆ.

"ಸಾಕವ್ವ, ಒಳಗೆ ಉರೀತೈತಿ."

"ನಡುವೆ ಮುರೀಬಾರ್ದು ಕಣೇ. ನುಂಗು."

ನುಂಗಿದಳು. ಮಗಳನ್ನು ಹೈಸ್ಕೂಲಿಗೆ ಕಳಿಸುವ ಹೆಂಗಸು, ಅವ್ವ ಹೇಳಿದಳು ಅಂತ ಕಣ್ಣು ಮುಚ್ಚಿ ನುಂಗಿದಳು.

ಡಾಕ್ಟರಮ್ಮ ಪಕ್ಕೆಗೆ ಉದ್ದನೆಯ ಸೂಜಿ ಹಾಕಿ ಲಿವರಿನ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು. ದಾರದ ತುಂಡಿನಷ್ಟೂ ಇರಲಿಲ್ಲ ಅದು. ಆಮೇಲೆ ಅಳಿಯನನ್ನೂ ನನ್ನನ್ನೂ ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ತೋರಿಸಿದರು. ಗುಲಾಬಿ ಬಣ್ಣದಲ್ಲಿ ಗೂಡುಗೂಡಾಗಿ ಕಾಣುತ್ತಿತ್ತು. ನಡುನಡುವೆ ಗೂಡುಗಳೇ ಇಲ್ಲ, ಗೆದ್ದಲು ತಿಂದ ಹಾಗೆ.

"ಇದು ಬರೇ ಕಾಮಾಲೆಯಿಂದ ಆದ ಗಾಯ ಅಲ್ಲ ಅನ್ಸುತ್ತೆ. ಏನೋ ಒಂದು ಒಳಗೆ ಹೋಗಿ ಸುಡ್ತಾ ಇದೆ. ಆಸ್ಪತ್ರೆಗೆ ಬಂದ ಮೇಲೆ ಕಮ್ಮಿ ಆಗ್ಬೇಕಿತ್ತು. ಆದ್ರೆ ದಿನಾ ಸುಡ್ತಾನೇ ಇದೆ. ಅದೇ ನನಗೆ ಅರ್ಥ ಆಗ್ತಿಲ್ಲ."

ಹೀಗೇ ಆದರೆ ಲಿವರ್ ಬದಲಿಸಬೇಕಾಗುತ್ತದೆ, ಅದಕ್ಕೆ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು ಅಂದರು. ಬದುಕಿರುವವರೇ ತಮ್ಮ ಲಿವರಿನ ಒಂದು ಭಾಗ ಕೊಡಬಹುದಂತೆ. ಕೊಟ್ಟವರಲ್ಲಿ ಅದು ಮತ್ತೆ ಬೆಳೆಯುತ್ತದಂತೆ. ಅಳಿಯನ ಮುಖ ಅವರ ಗಿರಣಿಯ ಹಿಟ್ಟಿಗಿಂತ ಬೆಳ್ಳಗಾಗಿತ್ತು. ಆದರೂ "ನಂದು ತಗೊಳ್ಳಿ ಮೇಡಂ" ಅಂದರು. ಒಂದು ಗಳಿಗೆಯೂ ಯೋಚಿಸಲಿಲ್ಲ.

"ನಂದು ತಗೊಳ್ರಿ, ಅವ್ರು ದುಡಿಯೋರು," ಅಂದೆ ನಾನು.

"ನಿಮ್ಮ ವಯಸ್ಸಿನವರದ್ದು ತಗೊಳಲ್ಲ ಅಜ್ಜಿ."

"ಯಾಕೆ? ಒಂದು ದಿನ ಹೆಂಡ ಮುಟ್ಟಿಲ್ಲ ಅದು."

ಡಾಕ್ಟರಮ್ಮ ನಕ್ಕರು. ನನಗೆ ನಗು ಬರಲಿಲ್ಲ. ದಿನಾ ಸುಡ್ತಾ ಇದೆ ಅಂದಿದ್ದರಲ್ಲ. ದಿನಾ ಒಳಗೆ ಹೋಗುತ್ತಿದ್ದದ್ದು ಒಂದೇ. ಸೆರಗಿನ ಗಂಟು ಬಿಚ್ಚಿದೆ. ಉಳಿದಿದ್ದ ಏಳು ಉಂಡೆಗಳನ್ನು ಮೇಜಿನ ಮೇಲೆ ಇಟ್ಟೆ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಳಿಯ ಎದ್ದು ನಿಂತರು. ಮದುವೆಯಾದ ದಿನದಿಂದ ನನ್ನೆದುರು ದನಿ ಎತ್ತಿದವರಲ್ಲ.

"ಏನ್ರೀ ಅತ್ತೆ, ನಾನಿಲ್ಲಿ ಹೊಟ್ಟೆ ಕೊಯ್ಸಿಕೊಳ್ಳಾಕೆ ಕುಂತೀನಿ, ನೀವು ಇದನ್ನ ಸೆರಗಿನಾಗೆ ಕಟ್ಕೊಂಡು ತಿರುಗ್ತಿದ್ರಾ? ಮನುಷ್ಯರೇನ್ರೀ ನೀವು?"



ಆ ಉಂಡೆಯಲ್ಲಿ ಏನಿದೆ ಅಂತ ಗೊತ್ತಾದರೆ ಕಾಯಬೇಕೋ ಬೆಂಗಳೂರಿಗೆ ಓಡಬೇಕೋ ತೀರ್ಮಾನಿಸಲು ಅನುಕೂಲ ಅಂದರು ಡಾಕ್ಟರಮ್ಮ. ಹೀಗೆ ಔಷಧಿಯಿಂದಲೇ ಲಿವರ್ ಹಾಳಾಗುವುದರ ಮೇಲೆ ಅವರು ಸಂಶೋಧನೆ ಮಾಡುತ್ತಿದ್ದಾರಂತೆ. "ಜನ ಎಲ್ಲಾ ಹೇಳ್ತಾರೆ ಅಜ್ಜಿ, ಇದೊಂದು ಹೇಳಲ್ಲ. ಹೆಣ ತಗೊಂಡು ಹೋಗುವಾಗ್ಲೂ ಹೇಳಲ್ಲ," ಅಂದರು.

ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಅಣ್ಣ ಜಗಲಿಯ ಮೇಲೆ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತಿದ್ದ.

"ಬಾ ತಂಗಿ. ಹುಡುಗಿ ಹ್ಯಾಂಗಿದಾಳೆ?"

"ಸಾಯ್ತಾ ಇದಾಳೆ. ಉಂಡೇಲಿ ಎಂತ ಹಾಕಿದೀಯ ಹೇಳು."

"ಎಂತ ಮಾತೇ ಇದು! ಪಥ್ಯ ಕೆಡ್ಸಿರ್ಬೇಕು ನೀವು. ಉಪ್ಪು ತಿಂದ್ಲನ?"

"ಉಪ್ಪಿಲ್ಲ, ಎಣ್ಣೆಯಿಲ್ಲ. ನಿನ್ನ ಉಂಡೆ ಬಿಟ್ರೆ ಅವಳ ಹೊಟ್ಟೇಲಿ ಬೇರೇನೂ ಇಲ್ಲ. ಹೇಳು."

"ಅಪ್ಪ ಕಿವೀಲಿ ಹೇಳಿದ್ದು ಮಾರಾಯ್ತಿ. ಬಾಯಿಬಿಟ್ರೆ ಔಷಧಿ ಸಾಯ್ತದೆ."

"ಸಾಯ್ಲಿ. ನಾನೇ ಮಣ್ಣು ಮಾಡಿ ತಿಥಿ ಊಟ ಹಾಕಿಸ್ತೀನಿ. ಹೇಳು."

ಅಣ್ಣ ಒಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಂಡ. ಒಳಗಿನಿಂದ ಅತ್ತಿಗೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಹೇಳಕ್ಕೆ ಅವ್ರಿಗೆ ಗೊತ್ತಿದ್ರೆ ತಾನೆ? ಕಾಡಿಗೆ ಹೋಗಿ ಎಷ್ಟು ವರ್ಷ ಆಯ್ತು ಅಂತ ಕೇಳು."

"ಏ, ನೀ ಒಳಗೆ ಹೋಗು."

"ಹೋಗಲ್ಲ. ನಮ್ಮ ಮಗಳೂ ಆಗಬಹುದಾಗಿತ್ತು ಅದು."

ಅತ್ತಿಗೆಯೇ ಹೇಳಿದಳು. ಒಂದು ವರ್ಷ ನಮ್ಮ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಕ್ಯಾಸನೂರಿನ ಮಂಗನ ಕಾಯಿಲೆ ಮತ್ತೆ ಬಂತು, ಉಣುಗು ಹುಳ ಕಚ್ಚಿದರೆ ಜ್ವರ ಹಿಡಿಯುತ್ತದೆ ಅಂತ ಅಣ್ಣ ಕಾಡು ಬಿಟ್ಟ. ಹೆದರಿದ್ದು ತಪ್ಪಲ್ಲ. ಆಮೇಲೆ ಮಂಡಿ ನೋವು. ಅಜ್ಜ ಔಷಧಿಗೆ ಬಳಸುತ್ತಿದ್ದ ಕಾಡುಬಳ್ಳಿ ತರುವವರಿಲ್ಲ, ಭಾನುವಾರ ಜನ ಬರುವುದು ನಿಲ್ಲಲಿಲ್ಲ. ಸಂತೆಗೆ ಬರುವ ಯಾವನೋ ಒಬ್ಬ ಕಾಮಾಲೆ ಪುಡಿ ಅಂತ ಪೊಟ್ಟಣ ಮಾರುತ್ತಿದ್ದ. ಅದನ್ನು ತಂದು, ಬೆಲ್ಲ ಹಾಕಿ ಅರೆದು, ಉಂಡೆ ಕಟ್ಟಿ, ಅಪ್ಪನ ಫೋಟೊದ ಮುಂದೆ ಇಟ್ಟು ಕೊಡುತ್ತಿದ್ದ. ಆ ಪುಡಿಯಲ್ಲಿ ಏನಿದೆ ಅಂತ ಇವನಿಗೂ ಗೊತ್ತಿಲ್ಲ.

"ಅಪ್ಪ ನಿನ್ನ ಕಿವೀಲಿ ಹೇಳಿದ್ದು ಸಂತೆ ಪುಡಿನಾ?" ಅಂತ ಕೂಗಿದೆ.

"ದೂರದಿಂದ ಬರ್ತಾರಲ್ಲ ತಂಗಿ. ಇಲ್ಲ ಅಂತ ಹ್ಯಾಂಗೆ ಹೇಳದು? ದೊಡ್ಡೋರ ಹೆಸರು."

"ಇಲ್ಲ ಅನ್ನೋಕೆ ಒಂದು ಬಾಯಿ ಸಾಕಿತ್ತಲ್ಲೋ!"

ಆಗ ಅಣ್ಣ ತಲೆ ತಗ್ಗಿಸಿಕೊಂಡು ಆ ಬಳ್ಳಿಯ ಹೆಸರು ಹೇಳಿದ. ಮೂರು ತಲೆಮಾರು ಮುಚ್ಚಿಟ್ಟ ಹೆಸರು. ಯಾರಿಗೆ ಬೇಕಿತ್ತು? ಉಂಡೆಯಲ್ಲಿ ಅದು ಇರಲೇ ಇಲ್ಲ. ಡಬ್ಬಿಯಿಂದ ಒಂದು ಪೊಟ್ಟಣ ತೆಗೆದು ಚೀಲಕ್ಕೆ ಹಾಕಿಕೊಂಡೆ. ಉಳಿದದ್ದನ್ನೆಲ್ಲ ಕಕ್ಕಸಿನ ಗುಂಡಿಗೆ ಸುರಿದೆ. ನೀರೂ ಕುಡಿಯದೆ ವಾಪಸ್ ಬಂದೆ.

ಡಾಕ್ಟರಮ್ಮ ಪುಡಿಯನ್ನು ಪರೀಕ್ಷೆಗೆ ಕಳಿಸಿದರು. ಸೊಪ್ಪಿನ ಜೊತೆ ಹೊಟ್ಟೆಗೆ ಹೋಗಬಾರದ ಲೋಹವೂ ಇದೆ ಅಂತ ಆಮೇಲೆ ತಿಳಿಯಿತು. ಆದರೆ ಅಷ್ಟರೊಳಗೆ ನಾವು ಕಾಯಬೇಕಿತ್ತು. ದಿನಾ ಬೆಳಿಗ್ಗೆ ರಕ್ತ ತೆಗೆಯುವರು. ಅಳಿಯನ ಪರೀಕ್ಷೆಗಳೂ ನಡೆಯುತ್ತಿದ್ದವು, ಹೊತ್ತು ಬಂದರೆ ತಡವಾಗಬಾರದು ಅಂತ. ಎರಡು ದಿನ ರಕ್ತದಲ್ಲಿ ಕಾಮಾಲೆಯ ಲೆಕ್ಕ ಏರುತ್ತಲೇ ಇತ್ತು. ಮಗಳು ನನ್ನನ್ನು ನೋಡಿ ಯಾರು ಅಂತ ಕೇಳಿದಳು. ಮೂರನೆಯ ದಿನ ರಕ್ತದ ಲೆಕ್ಕ ಅಲ್ಲೇ ನಿಂತಿತು. ನಾಲ್ಕನೆಯ ದಿನ ಇಳಿಯಿತು. ಐದನೆಯ ದಿನ ಅವಳು ಗಂಜಿಗೆ ಉಪ್ಪು ಕೇಳಿದಳು.

"ಲಿವರ್ ತಾನೇ ಬೆಳೆಯೋ ಅಂಗ ಅಜ್ಜಿ. ಸುಡೋದು ನಿಂತ್ರೆ ಬಹಳ ಸಲ ಎದ್ದು ಬಿಡುತ್ತೆ. ಮೊದಲು ಬಂದ ಕಾಮಾಲೆನೂ ಸುಮ್ಮನೆ ಬಿಟ್ಟಿದ್ರೆ ತಾನಾಗೇ ಇಳೀತಿತ್ತೋ ಏನೋ. ಹೆಚ್ಚಿನವರಿಗೆ ಹಾಗೇ ಇಳಿಯುತ್ತೆ," ಅಂದರು ಡಾಕ್ಟರಮ್ಮ.

ತಾನಾಗೇ ಇಳಿಯುವುದಕ್ಕೆ ನಮ್ಮ ಮನೆಯವರು ಮೂರು ತಲೆಮಾರು ತೆಂಗಿನಕಾಯಿ ತೆಗೆದುಕೊಂಡಿದ್ದಾರೆ. ಇಳಿದವರು ಊರೆಲ್ಲ ಹೇಳಿದರು. ಇಳಿಯದವರು ಹೇಳಲು ಉಳಿಯಲಿಲ್ಲ.

ಬೆಂಗಳೂರಿಗೆ ಹೋಗುವುದು ತಪ್ಪಿತು. ಲಿವರಿನಲ್ಲಿ ಕಲೆ ಉಳಿದಿದೆ, ವರ್ಷವಿಡೀ ತೋರಿಸಿಕೊಳ್ಳಬೇಕು. ಒಂದು ತಿಂಗಳಾದ ಮೇಲೆ ತೋರಿಸಲು ಹೋದಾಗ ಡಾಕ್ಟರಮ್ಮ ಒಂದು ಕಾಗದ ಇಟ್ಟರು. ತೆಗೆದಿದ್ದ ಲಿವರಿನ ಚೂರು, ಪುಡಿ, ನಡೆದ ಸಂಗತಿ, ಎಲ್ಲವನ್ನೂ ಸಂಶೋಧನೆಗೆ ಬಳಸಿಕೊಳ್ಳಲು ಮಗಳ ಒಪ್ಪಿಗೆ ಬೇಕಿತ್ತು. ಡಾಕ್ಟರು ಬರೆದುಕೊಳ್ಳುತ್ತಾರೆ ಅಂತ ಹೇಗೋ ತಿಳಿದು, ಅದರ ಹಿಂದಿನ ದಿನವೇ ಅಣ್ಣ ಫೋನು ಮಾಡಿದ್ದ. "ಬರೆಸ್ಬೇಡ ತಂಗಿ, ಮನೆ ಮರ್ಯಾದೆ." ಮತ್ತೆ ಪುಡಿ ತಂದಿದ್ದಾನೆ ಅಂತ ಅತ್ತಿಗೆ ಹಿಂದಿನಿಂದ ಕೂಗಿದ್ದು ನನಗೆ ಕೇಳಿಸಿತ್ತು.

ಮಗಳು ಸಹಿ ಹಾಕಿದಳು. ಡಾಕ್ಟರಮ್ಮ ಒಂದೊಂದೇ ಪ್ರಶ್ನೆ ಕೇಳುತ್ತಾ ಬರೆದುಕೊಂಡರು. "ಆಸ್ಪತ್ರೆಗೆ ಸೇರಿದ ಮೇಲೂ ಐದು ದಿನ ತಗೊಂಡಿದ್ದೀರ. ಯಾರು ಕೊಟ್ಟಿದ್ದು?"

"ನಾನೇ ತಗೊಂಡೆ ಮೇಡಂ," ಅಂದಳು ಮಗಳು.

ನನಗೆ ಉರಿದುಹೋಯಿತು. "ಸುಳ್ಳು ಬೊಗಳಬೇಡ. ನನ್ನಿಂದ ಕಲಿತದ್ದು ಸಾಕು," ಅಂದೆ. "ಡಾಕ್ಟ್ರೇ, ಕೊಟ್ಟೋಳು ನಾನು. ನನ್ನ ಹೆಸ್ರು ಬರ್ಕೊಳ್ರಿ."

"ಹೆಸರು ಬರೆಯಲ್ಲ ಅಜ್ಜಿ. ಸಂಬಂಧ ಅಷ್ಟೇ."

"ಅದನ್ನೇ ಬರೀರಿ."

ಬರೆದರು. ಓದಿ ಹೇಳಿ ಅಂದೆ. ಓದಿದರು: "ಔಷಧಿ ಕೊಟ್ಟವರು, ರೋಗಿಯ ತಾಯಿ." ಮಗಳು ಕಿಟಕಿಯ ಕಡೆ ತಿರುಗಿಕೊಂಡಳು. ನಾನು ಮುಂದಿನ ಪ್ರಶ್ನೆ ಕೇಳಿ ಅಂದೆ.